ಕೊನೆಯವನ ಕೈಗೆ ಸೌಟು

ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟುಗಳು ಕಡಲಿಗೆ ಇಳಿಯಬಾರದು ಎಂದು ಸರಕಾರ ಕಾನೂನು ಮಾಡಿದೆ. ಮೀನು ಮೊಟ್ಟೆ ಇಡಲಿ, ಮರಿಯಾಗಲಿ, ಒಳ್ಳೆಯದೇ. ಆದರೆ ಆ ಎರಡು ತಿಂಗಳು ಬೀಜಾಡಿಯ ಪ್ರೇಮಾನಂದನನ್ನು ಮನೆಯಲ್ಲಿ ಇಟ್ಟುಕೊಂಡು ಬದುಕುವುದು ಹೇಗೆ ಎಂದು ಅವನ ಹೆಂಡತಿ ಸುಗುಣಳಿಗೆ ಯಾವ ಸರಕಾರವೂ ಹೇಳಿಕೊಟ್ಟಿಲ್ಲ. ಪ್ರೇಮಾನಂದ ಗಂಗೊಳ್ಳಿ ಬಂದರಿನ ಒಂದು ಬೋಟಿನ ತಾಂಡೇಲ. ಚುಕ್ಕಾಣಿ ಅವನದು, ಬಲೆ ಎಲ್ಲಿ ಬಿಡಬೇಕೆಂಬ ಮಾತು ಅವನದು, ಆರು ಜನ ಅವನ ಹುಬ್ಬು ನೋಡಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಅವನ ಹುಬ್ಬು ನೋಡುವವರು ಯಾರು? ಬಟ್ಟೆ ಒಣಗಿಸುವ ಹಗ್ಗದ ಗಂಟು ಸರಿಯಿಲ್ಲ ಎಂದು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ. ನಾಲ್ಕನೆಯ ಸಲಕ್ಕೆ ಸುಗುಣ ಹಗ್ಗವನ್ನೇ ಕಿತ್ತು ಒಳಗಿಟ್ಟಳು.

ಪುಣ್ಯಕ್ಕೆ ಬೋಟಿನ ಇಂಜಿನ್ ನೋಡಿಕೊಳ್ಳುವ ರತೀಶ್ ಒಂದು ಸೈಕಲ್ ರೇಸು ಹಿಡಿದುಕೊಂಡು ಬಂದ. ಫ್ರಾನ್ಸ್ ದೇಶದಲ್ಲಿ ಜುಲೈ ಪೂರ್ತಿ ನಡೆಯುವ ರೇಸು. ಒಂದೊಂದು ತಂಡಕ್ಕೆ ಎಂಟು ಜನ, ದಿನಕ್ಕೊಂದು ಹಂತ, ಒಂದು ದಿನ ಬಯಲು, ಇನ್ನೊಂದು ದಿನ ಕೊಲ್ಲೂರು ಘಾಟಿಯನ್ನು ಮೂರು ಸಲ ಒಂದರ ಮೇಲೊಂದು ಇಟ್ಟಂಥ ಗುಡ್ಡ. ಜೊತೆಗೆ ಫೋನಿನಲ್ಲಿ ಒಂದು ಆಟ. ದುಡ್ಡು ಕಟ್ಟುವ ಆಟವಲ್ಲ, ಪುಕ್ಕಟೆ. ಯಾವ ತಂಡದವರಾದರೂ ಸರಿ, ಎಂಟು ಸವಾರರನ್ನು ನಾವೇ ಆರಿಸಿಕೊಳ್ಳಬೇಕು. ಅವರು ನಿಜವಾದ ರೇಸಿನಲ್ಲಿ ಮುಂದೆ ಬಂದಂತೆ ನಮಗೆ ಅಂಕ. ಎಂಟರಲ್ಲಿ ಒಬ್ಬ ಕ್ಯಾಪ್ಟನ್, ಅವನಿಗೆ ಸಿಕ್ಕ ಅಂಕ ನಮಗೆ ಎರಡು ಪಟ್ಟು. ದಿನಕ್ಕೆ ಒಬ್ಬನನ್ನು ಮಾತ್ರ ಬದಲಿಸಬಹುದು.

ಆಡುವವರು ಮೂರೇ ಜನ. ಪ್ರೇಮಾನಂದ, ರತೀಶ್, ಬೋಟಿನಲ್ಲಿ ಅಡುಗೆ ಮಾಡುವ ಪದ್ದು. ಉಳಿದವರು ಒಡಿಶಾದವರು, ರಜೆಗೆ ಊರಿಗೆ ಹೋಗಿದ್ದರು. ಪದ್ದುವಿನ ಅಡುಗೆಯ ಕತೆ ಸ್ವಲ್ಪ ಹೇಳಬೇಕು. ಬೋಟಿಗೆ ಹೊಸದಾಗಿ ಬಂದವನಿಗೆ ಮೊದಲು ಒಲೆ, ಆಮೇಲೆ ಬಲೆ. ಪದ್ದು ಒಲೆಯ ಮುಂದೆ ಕೂತು ಒಂಬತ್ತು ವರ್ಷವಾಗಿತ್ತು. ಅವನ ನಂತರ ಬಂದವರೆಲ್ಲ ಬಲೆಗೆ ಹೋದರು, ಯಾಕೆಂದರೆ ಅವರು ಮಾಡಿದ್ದನ್ನು ತಿನ್ನಲು ಆಗಲಿಲ್ಲ, ಪದ್ದು ಮಾಡಿದ್ದನ್ನು ಬಿಡಲು ಆಗಲಿಲ್ಲ. ಪ್ರತಿ ಆಗಸ್ಟಿನಲ್ಲೂ ಅವನು ನಾನು ಬಲೆಗೆ ಬರುತ್ತೇನೆ ಎಂದು ಕೇಳುವುದು, ಪ್ರೇಮಾನಂದ ಮೀನಿನ ಮುಳ್ಳು ಚೀಪುತ್ತಾ "ಬಪ್ಪ ವರ್ಷ ಕಾಂಬ" ಅನ್ನುವುದು, ಆ ಬರುವ ವರ್ಷ ಬಾರದೇ ಇರುವುದು, ಇದು ನಡೆದುಕೊಂಡೇ ಬಂದಿತ್ತು.

ಈ ಸಲ ಪದ್ದು ಜಾಣನಾದ. ಆಟಕ್ಕೊಂದು ಪಂಥ ಬೇಕಲ್ಲ ಎಂದು ರತೀಶ್ ಅಂದದ್ದೇ ತಡ, ಕೊನೆಯ ಸ್ಥಾನಕ್ಕೆ ಬಂದವನು ದೀಪಾವಳಿಯವರೆಗೆ ಬೋಟಿನಲ್ಲಿ ಅಡುಗೆ ಮಾಡಲಿ ಎಂದುಬಿಟ್ಟ. ಪ್ರೇಮಾನಂದ ಹೊಟ್ಟೆ ಹಿಡಿದುಕೊಂಡು ನಕ್ಕ, ಒಪ್ಪಿದ. ತಾಂಡೇಲನಾದವನು ಅಡುಗೆಯವನಿಗೆ ಸೋಲುವುದುಂಟೇ? ಒಳಗಿನಿಂದ ಸುಗುಣಳ ನಗು ಕೇಳಿತು. ಗಂಡನಿಗೆ ಚಾ ಮಾಡಲೂ ಬರುವುದಿಲ್ಲ ಎಂಬುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು.

ರೇಸು ಶುರುವಾಯಿತು. ದಿನಾ ಸಂಜೆ ಪ್ರೇಮಾನಂದನ ಜಗಲಿಯಲ್ಲಿ ಟೀವಿ, ಹೊರಗೆ ಮಳೆ, ನಡುವೆ ಸುಟ್ಟ ಹಲಸಿನ ಹಪ್ಪಳ. ರತೀಶ್ ಇಂಗ್ಲಿಷ್ ಕಾಮೆಂಟರಿ ಕೇಳಿ, ಅಂಕಿಅಂಶ ಓದಿ ತಂಡ ಕಟ್ಟಿದ. ಪದ್ದುವಿನ ದಾರಿಯೇ ಬೇರೆ. ಆ ಸೈಕಲ್ ತಂಡಗಳಿಗೂ ಒಬ್ಬೊಬ್ಬ ಅಡುಗೆಯವನಿದ್ದಾನೆ, ಅವರು ದಿನಾ ಬೆಳಿಗ್ಗೆ ತಿಂಡಿ ಮೇಜಿನ ವೀಡಿಯೊ ಹಾಕುತ್ತಾರೆ ಎಂದು ಅವನು ಕಂಡುಹಿಡಿದಿದ್ದ. ಯಾರು ಅನ್ನ ಬಡಿಸಿಕೊಂಡು ತಿನ್ನುತ್ತಾನೆ, ಯಾರು ಕೆದಕಿ ಬಿಡುತ್ತಾನೆ, ಅದನ್ನು ನೋಡಿ ಆರಿಸುತ್ತಿದ್ದ. ತಟ್ಟೆಯಲ್ಲಿ ಬಿಟ್ಟವನು ಮರುದಿನ ಗುಡ್ಡದಲ್ಲಿ ಕೂರುತ್ತಾನೆ ಎಂಬುದು ಅವನ ಸಿದ್ಧಾಂತ. ಬೋಟಿನಲ್ಲಿ ಬಲೆ ಎಳೆಯುವವರನ್ನು ನೋಡಿ ಕಲಿತದ್ದು. ಮೊದಲ ವಾರ ಮುಗಿದಾಗ ಪದ್ದುವೇ ಮೊದಲು.

ಪ್ರೇಮಾನಂದ? ಗಾಳಿ ನೋಡಿ ಆರಿಸುತ್ತಿದ್ದ. ಬದಿಯಿಂದ ಗಾಳಿ ಬೀಸಿದ ದಿನ ಗುಂಪು ಹರಿದುಹೋಗುತ್ತದೆ ಎಂದು ಮೊದಲೇ ಹೇಳಿ ಒಂದು ದಿನ ಗೆದ್ದೂ ಬಿಟ್ಟ. ಆದರೆ ಅವನನ್ನು ಮುಳುಗಿಸಿದ್ದು ಅವನ ಕ್ಯಾಪ್ಟನ್. ಓಸ್ಟರ್ವಾಲ್ ಎಂಬ ಮೂವತ್ತೈದು ದಾಟಿದ ಸವಾರ, ಜೀವನದಲ್ಲಿ ಏನನ್ನೂ ಗೆದ್ದವನಲ್ಲ. ಅವನ ಕೆಲಸ ಹಿಂದೆ ಬರುವ ತಂಡದ ಕಾರಿನ ಬಳಿ ಹೋಗಿ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಬಂದು ತಂಡದವರಿಗೆಲ್ಲ ಹಂಚುವುದು. ಅವನಿಗೆ ಸಿಗುವ ಅಂಕ ಸೊನ್ನೆ, ಸೊನ್ನೆಯ ಎರಡು ಪಟ್ಟು ಎಷ್ಟು ಎಂದು ರತೀಶ್ ದಿನಾ ಕೇಳುತ್ತಿದ್ದ. ಜಪ್ಪಯ್ಯ ಅಂದರೂ ಪ್ರೇಮಾನಂದ ಅವನನ್ನು ಬದಲಿಸಲಿಲ್ಲ. ಯಾರಿಗೆ ಬಾಯಾರಿದೆ ಎಂದು ಗೊತ್ತಿರುವವನೇ ಕ್ಯಾಪ್ಟನ್, ತಾನೂ ಅಂಥವನೇ ಅಲ್ಲವೇ ಎಂದು ವಾದಿಸಿದ. ಪದ್ದು ಹಪ್ಪಳ ಮುರಿಯುತ್ತಾ ಟೀವಿಯನ್ನೇ ನೋಡಿದ.

ಮೂರನೆಯ ವಾರ ಎಲ್ಲ ತಲೆಕೆಳಗಾಯಿತು. ಪದ್ದುವಿನ ಪಟ್ಟಿಯ ಇಬ್ಬರು ಬಿದ್ದು ಮನೆಗೆ ಹೋದರು. ಚೆನ್ನಾಗಿ ತಿನ್ನುತ್ತಿದ್ದ ಅವನ ಕ್ಯಾಪ್ಟನ್ ಹೊಟ್ಟೆ ಕೆಟ್ಟು ದಾರಿ ಬದಿಯ ಜೋಳದ ಗದ್ದೆಗೆ ಓಡಿದ್ದನ್ನು ಇಡೀ ಜಗತ್ತು ನೋಡಿತು. ರತೀಶ್ ಕೈಗೆ ಸಿಗದಷ್ಟು ಮುಂದೆ ಹೋದ, ಪದ್ದು ಜಾರಿ ಕೊನೆಗೆ ಬಂದ. ಪ್ರೇಮಾನಂದ ಅವನಿಗಿಂತ ಹದಿನೆಂಟು ಅಂಕ ಮೇಲೆ. ಉಳಿದದ್ದು ಎರಡೇ ದಿನ.

ಶನಿವಾರ ಕೊನೆಯ ಗುಡ್ಡ. ಅಂದು ಯಾರೂ ನೆನಸದ ಸಂಗತಿ ನಡೆಯಿತು. ಓಸ್ಟರ್ವಾಲ್ ಬೆಳಿಗ್ಗೆಯೇ ಮುಂದೆ ಹೋದವನು ಸಿಕ್ಕಿಬೀಳಲೇ ಇಲ್ಲ. ಒಬ್ಬನೇ, ಬಾಯಿ ತೆರೆದುಕೊಂಡು, ಗುಡ್ಡ ಏರುತ್ತಿದ್ದ. ಆರು ಕಿಲೋಮೀಟರ್ ಉಳಿದಿತ್ತು. ಗೆದ್ದರೆ ನೂರು, ಕ್ಯಾಪ್ಟನ್ ಆದ್ದರಿಂದ ಇನ್ನೂರು. ಪ್ರೇಮಾನಂದ ಕುರ್ಚಿ ಬಿಟ್ಟು ಟೀವಿಯ ಎದುರು ನಿಂತ. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಓಸ್ಟರ್ವಾಲನ ತಂಡದ ನಾಯಕನ ಸೈಕಲ್ ಕೆಟ್ಟಿತು. ಕಿವಿಯಲ್ಲಿದ್ದ ರೇಡಿಯೋದಲ್ಲಿ ಓಸ್ಟರ್ವಾಲನಿಗೆ ಅಪ್ಪಣೆ ಬಂತು. ಅವನು ಒಮ್ಮೆ ತಲೆ ಅಲ್ಲಾಡಿಸಿದ. ಆಮೇಲೆ ರಸ್ತೆ ಬದಿಗೆ ಸರಿದು, ಒಂದು ಕಾಲು ನೆಲಕ್ಕೆ ಊರಿ ನಿಂತ, ತನ್ನ ಸೈಕಲನ್ನು ನಾಯಕನಿಗೆ ಕೊಡಲು.

ಪ್ರೇಮಾನಂದನ ಮೈ ಉರಿದುಹೋಯಿತು. ಅಂಕ ಹೋದದ್ದಕ್ಕಲ್ಲ, ಅಂಕ ಅವನಿಗೆ ನೆನಪೂ ಇರಲಿಲ್ಲ. ಆ ತಂಡದ ಮ್ಯಾನೇಜರನ ಏಳು ತಲೆಮಾರನ್ನೂ ಕಡಲಿಗೆ ಎಸೆದ.

"ಇಷ್ಟ್ ವರ್ಷ ನಿಮಗೆಲ್ಲ ನೀರ್ ಹೊತ್ತನಲ್ದಾ ಅವ? ಒಂದ್ ದಿನ ಮುಂದ್ ಹೋಪುಕ್ ಬಿಟ್ರೆ ನಿಮ್ಮ್ ಗಂಟ್ ಎಂತ ಹೋತ್ತಿತ್ತ್? ಮನ್ಷರಾ ನೀವ್?"

ಪದ್ದು ತಟ್ಟೆಯನ್ನು ಕೆಳಗಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಪ್ರೇಮಣ್ಣ, ನಂಗೂ ಒಂಬತ್ ವರ್ಷ ಆಯ್ತ್."

ಅಷ್ಟು ಹೇಳಿ ಕೊಡೆ ಬಿಡಿಸಿಕೊಂಡು ಹೋದ. ರತೀಶ್ ಅವನ ಹಿಂದೆ ಹೋದ. ಪ್ರೇಮಾನಂದ ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದ. ನಾಚಿಕೆಯಾಗಿತ್ತು ಅವನಿಗೆ, ಕೆನ್ನೆಗೆ ಬಾರಿಸಿದಷ್ಟು ನಾಚಿಕೆ. ಬೆಳಿಗ್ಗೆ ಎದ್ದು ಪದ್ದುವಿನ ಮನೆಗೆ ಹೋಗಿ ತಪ್ಪಾಯ್ತು ಮಾರಾಯ, ನೀನು ಬಲೆಗೆ ಬಾ ಅಂದಿದ್ದರೆ ಮುಗಿಯುತ್ತಿತ್ತು. ನಿಮಗೂ ನನಗೂ ಅದು ಸುಲಭ. ಆದರೆ ಇಪ್ಪತ್ತೆರಡು ವರ್ಷ ತಾಂಡೇಲನಾಗಿದ್ದವನ ಬಾಯಿಂದ ಆ ಮಾತು ಹೊರಡುವುದಿಲ್ಲ. ತಪ್ಪಾಯ್ತು ಅನ್ನುವುದಕ್ಕಿಂತ ಸೋಲುವುದೇ ಮೇಲು ಎಂದು ಅವನು ತೀರ್ಮಾನಿಸಿದ.

ಸೋಲಲು ಸುಗುಣಳ ಸಹಾಯ ಬೇಕಾಯಿತು, ಏಕೆಂದರೆ ಅವನ ಫೋನಿನ ಕೆಲಸವೆಲ್ಲ ಅವಳದೇ. ವಿಷಯ ಕೇಳಿ ಅವಳು ಗಂಡನ ಹಣೆ ಮುಟ್ಟಿ ಜ್ವರ ನೋಡಿದಳು. ಪದ್ದುವಿನ ಮಾತನ್ನು ಹೇಳಿದಾಗ ಕೈ ತೆಗೆದಳು. ಮತ್ತೆ ಕನ್ನಡಕ ಹಾಕಿಕೊಂಡು ಕೂತಳು. ಶನಿವಾರ ಇಬ್ಬರಿಗೂ ಸಮ ಅಂಕ ಸಿಕ್ಕಿ, ಪದ್ದುವಿನೊಂದಿಗಿನ ಅಂತರ ಹದಿನೆಂಟೇ ಉಳಿದಿತ್ತು. ಭಾನುವಾರದ ಕೊನೆಯ ಹಂತ ಪೂರ್ತಿ ಬಯಲು, ಕೊನೆಯ ಗೆರೆಗೆ ಒಮ್ಮೆಲೇ ನುಗ್ಗುವ ಓಟಗಾರರ ದಿನ. ಪ್ರೇಮಾನಂದನ ಪಟ್ಟಿಯಲ್ಲಿದ್ದ ಒಬ್ಬನೇ ಒಬ್ಬ ಓಟಗಾರನನ್ನು ತೆಗೆದರು. ಅವನ ಜಾಗಕ್ಕೆ ಮನೆಗೆ ಹೋದವರನ್ನು ಹಾಕಲು ಆಟ ಒಪ್ಪಲಿಲ್ಲ. ಸರಿ, ಉಳಿದ ನೂರ ನಲವತ್ತೆರಡು ಜನರಲ್ಲಿ ಎಲ್ಲರಿಗಿಂತ ನಿಧಾನದವನು ಯಾರು? ಗಂಡ ಹೆಂಡತಿ ಮಗಳಿಗೆ ಗಂಡು ಹುಡುಕುವಷ್ಟು ಶ್ರದ್ಧೆಯಿಂದ ಹುಡುಕಿ, ಪಟ್ಟಿಯ ಕಟ್ಟಕಡೆಯವನನ್ನು ಆರಿಸಿದರು. ಮೊದಲನೆಯವನಿಗಿಂತ ಆರು ತಾಸು ಹಿಂದಿದ್ದ ಮಹಾನುಭಾವ. ಓಸ್ಟರ್ವಾಲನನ್ನು ಮಾತ್ರ ಪ್ರೇಮಾನಂದ ಕ್ಯಾಪ್ಟನ್ ಆಗಿಯೇ ಉಳಿಸಿಕೊಂಡ.

ಸಂಜೆ ಮೂವರೂ ಸೇರಿದರು. ಪದ್ದು ಬರುತ್ತಾನೋ ಇಲ್ಲವೋ ಎಂದಿತ್ತು, ಬಂದ, ಆದರೆ ಹಪ್ಪಳ ಮುಟ್ಟಲಿಲ್ಲ. ರೇಸು ಅರ್ಧ ಕಳೆಯಿತು. ಆಗ, ದೇವರೇ, ಆ ಕಟ್ಟಕಡೆಯವನು ಗುಂಪು ಬಿಟ್ಟು ಒಬ್ಬನೇ ಮುಂದೆ ಹೊರಟ. ಕೊನೆಯವನಲ್ಲವೇ, ಹೋಗಲಿ ಪಾಪ ಎಂದು ಎಲ್ಲರೂ ಬಿಟ್ಟರು. ನಡುದಾರಿಯ ಗೆರೆಯೊಂದನ್ನು ಮೊದಲು ದಾಟಿದ್ದಕ್ಕೆ ಹತ್ತು ಅಂಕವನ್ನೂ ಹೊಡೆದ. ಹದಿನೆಂಟು ಇದ್ದದ್ದು ಇಪ್ಪತ್ತೆಂಟಾಯಿತು.

ರತೀಶ್ ಫೋನು ನೋಡಿ, ಇವನು ನಿಮ್ಮವನಲ್ಲವೇ, ಎಲ್ಲಿಂದ ಹಿಡಿದಿರಿ ಎಂದು ಬೆನ್ನು ತಟ್ಟಿದ. ಪ್ರೇಮಾನಂದ ಬೆವರುತ್ತಿದ್ದ. ಮೂರು ವಾರ ತೆವಳಿದವನಿಗೆ ಇವತ್ತೇ ಕಾಲು ಬರಬೇಕಿತ್ತೇ? ನಿಧಾನ ಮಾರಾಯ, ನಿಧಾನ ಎಂದು ಬಾಯೊಳಗೇ ಬೇಡಿಕೊಂಡ. ಒಳಗೆ ಸುಗುಣ ದೇವರಿಗೆ ದೀಪ ಹಚ್ಚಿದಳು. ಗಂಡ ಸೋಲಲಿ ಎಂದು ಹೆಂಡತಿ ಹರಕೆ ಹೊತ್ತದ್ದು ಬೀಜಾಡಿಯಲ್ಲಿ ಅದೇ ಮೊದಲಿರಬೇಕು.

ಎರಡು ಕಿಲೋಮೀಟರ್ ಇರುವಾಗ ಗುಂಪು ಅವನನ್ನು ನುಂಗಿತು. ಪ್ರೇಮಾನಂದ ಚಪ್ಪಾಳೆ ತಟ್ಟಿದ. ತಟ್ಟಿದ ಮೇಲೆ ಕೈಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಪ್ಪಳ ತೆಗೆದುಕೊಂಡ. ಕೊನೆಯ ಓಟದಲ್ಲಿ ಪದ್ದುವಿನ ಒಬ್ಬ ಮೂರನೆಯವನಾಗಿ ಬಂದ. ಮೂವತ್ತು ಅಂಕ. ರತೀಶ್ ಎರಡು ಸಲ ಕೂಡಿಸಿ ನೋಡಿದ. ಪ್ರೇಮಾನಂದ ಎರಡು ಅಂಕದಿಂದ ಕೊನೆ. ರತೀಶ್ ನೆಲದ ಮೇಲೆ ಹೊರಳಾಡಿ ನಕ್ಕ, ಬಂದರಿಗೆಲ್ಲ ಹೇಳಬೇಕು ಎಂದು ಫೋನು ಹಿಡಿದು ಅಂಗಳಕ್ಕೆ ಓಡಿದ.

ಪದ್ದು ನಗಲಿಲ್ಲ. ಪ್ರೇಮಾನಂದನ ಫೋನು ಎತ್ತಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಯಾರನ್ನು ತೆಗೆದದ್ದು, ಯಾರನ್ನು ಹಾಕಿದ್ದು, ಎಲ್ಲ ಅಲ್ಲೇ ಇತ್ತು. ಅವನ ಕಣ್ಣು ತುಂಬಿತು.

"ಪ್ರೇಮಣ್ಣ, ಅವ್ನ್ ಸಿಕ್ಕಿಬಿದ್ದದ್ದಕ್ಕೆ ನೀವ್ ಚಪ್ಪಾಳೆ ತಟ್ಟಿದ್ರಿ."

"ಅದೆಲ್ಲ ಇರ್ಲಿ," ಎಂದ ಪ್ರೇಮಾನಂದ, ಮಳೆಯ ಕಡೆ ಮುಖ ತಿರುಗಿಸಿ. "ಏಳ್ ಜನಕ್ಕೆ ಸಾರಿಗೆ ಉಪ್ಪ್ ಎಷ್ಟ್ ಹಾಕೂದ್, ಅದ್ ಹೇಳ್."

ಪದ್ದು ಫೋನು ಕೆಳಗಿಟ್ಟ. ತಾಂಡೇಲನ ಬಲಗೈಯನ್ನು ಎಳೆದು ತನ್ನ ಅಂಗೈಯ ಮೇಲಿಟ್ಟು ಅಳೆದು ನೋಡಿದ.

"ಒಂದ್ ಹಿಡಿ," ಎಂದ. "ನಿಮ್ಮ್ ಹಿಡಿ ಅಲ್ಲ, ನನ್ನ್ ಹಿಡಿ."