ಒಲೆಯ ಆಯ

ಬೇವಿನ ಹೂವು ಒಲೆಯ ಮೇಲೆ ಉದುರುತ್ತಿದೆ, ಒಂದೊಂದೇ, ಸಪ್ಪಳವಿಲ್ಲದೆ, ಉದುರಲಿ, ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ ಗ್ಯಾಸಿನ ಒಲೆಯನ್ನ, ಕೂಸಿನ ಹಾಗೆ — ಕೂಸು ಮನೆಯಲ್ಲಿದೆ, ಬಾಣಂತಿ ಮಗಳು ಕಾವೇರಿಯ ಮಗ್ಗುಲಲ್ಲಿ, ಅಳುತ್ತಿರಬೇಕು, ಅತ್ತರೂ ಕಣ್ಣು ತೆರೆಯುವುದಿಲ್ಲ, ಹೊಗೆಗೆ ರೆಪ್ಪೆ ಬಿಗಿಹಿಡಿದು, ಅಂಚಿನಲ್ಲಿ ನೀರು, ನೀರಿನಲ್ಲಿ ಕೂದಲೆಳೆಯಷ್ಟು ಮಸಿ. ಹತ್ತಿಕಟ್ಟಿಗೆಯ ಹೊಗೆ, ಇರುವುದು ಒಂದೇ ಖೋಲಿ, ಎಲ್ಲಿಗೆ ಹೋದೀತು ಅದು. ಈ ಒಲೆ ಕೆಡದೆ ಇದ್ದಿದ್ದರೆ, ಗಂಜಿ ಉಕ್ಕಿ ಉಕ್ಕಿ ತೂತು ಕಟ್ಟಿ, ನಳಿಗೆ ಬಿರಿದು ವಾಸನೆ ಬಂದ ದಿನವೇ ಕಟ್ಟಿಗೆಗೆ ಇಳಿದೆ, ಹುಬ್ಬಳ್ಳಿಯ ಅಂಗಡಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದರೆ ಅವನು ಮುಟ್ಟಿಯೂ ನೋಡಲಿಲ್ಲ, ಹೊಸಾದ ತಗೋ ಯವ್ವಾ, ರಿಪೇರಿಗೂ ಅಷ್ಟ ಆಗತೈತಿ, ಮತ್ತೆ ಹೊತ್ತುಕೊಂಡು ಬಂದೆ, ಕಂಡಕ್ಟರ ನಕ್ಕ, ಏನಬೇ, ಒಲಿಗೆ ಊರ ತೋರಿಸಾಕತ್ತೀಯೇನು. ನಿನ್ನೆ ಬೀಗತಿ ಬಂದವಳು ಹೊಸ್ತಿಲಲ್ಲೇ ಸೆರಗು ಮೂಗಿಗೆ ಹಿಡಿದಳು, ಬಾಳಿಗೊನಿ ಹಣ್ಣ ಮಾಡಿದಂಗ ನಮ್ಮ ಕೂಸಿಗೂ ಹೊಗಿ ಹಾಕೀಯೇನ ಹನುಮವ್ವಾ, ನಾಳೆ ಸಂಜೀಕ ಗಾಡಿ ತರತೇವಿ, ತಾಯಿ ಮಗನ್ನ ಕಳಿಸಿಬಿಡು. ಕಾವೇರಿ ಕೌದಿಯೊಳಗೆ ನನ್ನ ಬೆರಳು ಹಿಡಿದುಕೊಂಡಳು, ಆ ಮನೆಗೆ ಹೋದ ಮರುದಿನವೇ ಸೆಗಣಿ ಬಾಚಬೇಕು, ಕೊಡ ಹೊರಬೇಕು, ಇನ್ನೂ ಹಸಿ ಮೈ, ನನ್ನ ಬಾಯಿ ತಾನೇ ಆಡಿಬಿಟ್ಟಿತು, ನಾಳೆ ಮೈಲಾರಿ ಬರತಾನ್ರಿ, ಒಲಿ ಛಲೋ ಆಗತೈತಿ. ಆದರ ಇಟಗೋ, ಆಗದಿದ್ದರ ಗಾಡಿ ಏರಸು.

ಮೈಲಾರಿ ಅಲ್ಲಿ ಕಟ್ಟೆಯ ಮೇಲೆ ಸಾಮಾನು ಹರವಿಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಸಣ್ಣ ಸಿಲಿಂಡರ, ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬೈಕಿನ ಮೇಲೆ ಬರುತ್ತಾನೆ, ಇವತ್ತು ತಪ್ಪಿದರೆ ಮುಂದಿನ ತಿಂಗಳು, ಅಷ್ಟರಲ್ಲಿ ಗಾಡಿ ಬಂದು ಹೋಗಿರುತ್ತದೆ. ಶಿವಬಸವ್ವ ಹುಡುಕಿದ ದಾರಿ ಇದು, ಸಂಘದ ಹೆಂಗಸರ ನಡುವೆ ಎದ್ದು ನಿಂತು, ಬಡಿಗ್ಯಾಗ ಆಯಾ ಇತ್ತು, ಕಂಬಾರಗ ಆಯಾ ಇತ್ತು, ಸುಗ್ಗ್ಯಾಗ ಮನಿಗೊಂದ ಸೇರ ಜೋಳ ಹಾಕಿದರ ವರ್ಷಪೂರ್ತಿ ಕುಂಟಿ ಕೂರಿಗಿ ರಿಪೇರಿ ಮಾಡತಿದ್ದರು, ಒಲಿ ಮಾಡಾವಗ ಯಾಕ ಇರಬಾರದು. ಮೈಲಾರಿಯೂ ಒಪ್ಪಿದ, ಕೊಡ್ರಿ, ಮನ್ಯಾಗ ರೊಟ್ಟಿ ತಿನ್ನೂ ಮಂದಿ ಅದೇವಿ. ಹೊಲ ಇಲ್ಲದವರದು ಹೆಂಗ್ರಿ ಎಂದು ಯಾರೋ ಕೇಳಿದರು, ಆಮ್ಯಾಲೆ ನೋಡೂಣು ಅಂದರು, ಆ ಆಮೇಲೆ ಬರಲೇ ಇಲ್ಲ. ನನಗೆ ಹೊಲವೂ ಇಲ್ಲ ಕಣವೂ ಇಲ್ಲ, ನನ್ನದು ಹಕ್ಕಲ ಜೋಳ, ಕೊಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆ ಆರಿಸಿಕೊಳ್ಳುವುದು, ಎರೆಮಣ್ಣಿನ ಬಿರುಕಿನಲ್ಲಿ ಬೆರಳು ತೂರಿಸಿದರೆ ಉಗುರಿನ ಸಂದಿ ಸೀಳುತ್ತದೆ, ತೆನೆ ಇನ್ನೂ ಒಳಕ್ಕೆ ಜಾರುತ್ತದೆ, ಬೆನ್ನ ಮೇಲೆ ಬಿಸಿಲು, ಕೋಲಿನಿಂದ ಬಡಿದು, ತೂರಿ, ಗಡಿಗೆಯಲ್ಲಿ ಮುಚ್ಚಿಟ್ಟು ಇವತ್ತು ಗಂಟು ಕಟ್ಟಿ ತಂದದ್ದು — ಆದರೆ ಅದು ಸಿದ್ದಲಿಂಗಪ್ಪನವರ ಹೊಲದ್ದು, ಶಿವಬಸವ್ವನ ಗಂಡ, ಅಗೋ ಅವರೇ ಮೈಲಾರಿಗೆ ಆಯ ಅಳೆಯಲು ಚೀಲದ ಬಾಯಿ ಬಿಚ್ಚಿಕೊಂಡು ಸೇರು ಹಿಡಿದು ಕೂತಿದ್ದಾರೆ, ನನ್ನ ಜೋಳ ನನಗ ಅಳದ ಕೊಡತೀಯೇನು ಅಂದರೆ ಏನು ಹೇಳಲಿ, ಹೊಗೆಯಲ್ಲಿ ರೆಪ್ಪೆ ಬಿಗಿಹಿಡಿದ ಕೂಸು, ಕೂದಲೆಳೆಯಷ್ಟು ಮಸಿ, ಏನಾದರೂ ಹೇಳಲೇಬೇಕು.

ಮುಂದೆ ಗುಲ್ಜಾರಬಿ, ಅವಳ ಒಲೆಗೆ ತಿರುವುವ ಗುಂಡಿಯೇ ಇಲ್ಲ, ಏನ ಚಾಚಿ, ಇಕ್ಕಳ ಹಾಕಿ ತಿರುವತೀರಿ, ಇದೇನ ಒಲಿಯೋ ಟ್ರ್ಯಾಕ್ಟರೋ, ನಿನ್ನ ನಾಲಿಗಿಗೂ ಅದ ಇಕ್ಕಳ ಹಾಕಲೇನೋ ಮೈಲಾರಿ, ಎಲ್ಲರೂ ನಗುತ್ತಾರೆ, ನಾನೂ ನಕ್ಕೆನೇನೋ, ಸರದಿ ನನ್ನದು. ಸಿದ್ದಲಿಂಗಪ್ಪನವರು ನನ್ನ ಗಂಟಿಗೆ ಕೈಹಾಕಿ ಕಾಳನ್ನು ಬೆರಳ ನಡುವೆ ಇಳಿಬಿಟ್ಟರು, ಗುರುತು ಹತ್ತಿತು ಅನ್ನಿಸುತ್ತದೆ, ಯಾವ ಜೋಳ ಹನುಮವ್ವಾ, ಹಕ್ಕಲದ್ರಿ, ಯಾರ ಹೊಲದ್ದು, ನಿಮ್ಮದರಿ, ಹಳ್ಳದ ದಂಡಿ ಹೊಲದ್ದು. ಹಿಂದೆ ಯಾರೋ ಕಿಸಕ್ಕೆಂದರು, ಸಾವಕಾರ್ರ ಜೋಳ ಸಾವಕಾರ್ರಿಗೇ ಬಂತಲ್ಲೋ. ಕಿವಿ ಕಾದವು, ಬೇವಿನ ಎಲೆ ಒಂದೂ ಅಲುಗಲಿಲ್ಲ, ಅವರು ಹೊಟ್ಟು ಊದುತ್ತಾ, ನೆಲಕ್ಕ ಬಿದ್ದ ಮ್ಯಾಲೆ ನನ್ನದ್ಯಾಕ ಆಗತೈತಿ, ಬಗ್ಗಿ ಆರಿಸಿದವರದ್ದು, ಹಾಕು. ಹಾಕಿದೆ, ಸೇರು ತುಂಬಲಿಲ್ಲ, ಎರಡು ಬೆರಳು ಖಾಲಿ, ಪ್ಯಾಟಿಯ ಅಂಗಡಿಯಲ್ಲಿ ಕಾಳು ಮಾರುವಾಗ ಮೋಸಕ್ಕೆ ಹೆಬ್ಬೆರಳು ಸೇರಿನೊಳಗೆ ಇಡುವುದನ್ನು ನೋಡಿದ್ದೇನೆ, ಇವರೂ ಇಟ್ಟರು, ಇಡೀ ಹೆಬ್ಬೆರಳು, ಕಾಳು ಅಂಚಿಗೆ ಏರಿತು, ತುಂಬೇತಿ, ಮುಂದಿನವರ ಬರ್ರಿ, ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಮೈಲಾರಿ ಸೂಜಿಯಿಂದ ಒಂದೊಂದೇ ತೂತು ಬಿಡಿಸುತ್ತಿದ್ದಾನೆ, ತಾಮ್ರದ ಹಸಿರು ಪುಡಿ ಉದುರುತ್ತದೆ, ಹೊಸ ನಳಿಗೆ, ಸಾಬೂನಿನ ನೀರು ಸವರಿ ಸುಮ್ಮನೆ ಕೂತು ನೋಡಿದ, ಗುಳ್ಳೆ ಏಳಲಿಲ್ಲ, ಇದೊಂದ ಕಡಿ ಉರೀತೈತಿ ಯವ್ವಾ, ಇನ್ನೊಂದ ಪೂರಾ ಹೋಗೇತಿ, ಮುಂದಿನ ತಿಂಗಳ ನೋಡೂಣು. ಒಂದು ಸಾಕಪ್ಪಾ, ಕೂಸಿನ ನೀರಿಗೆ ಒಂದು ಸಾಕು, ಸಂಜೆ ಬೀಗತಿಗೆ ಇದರ ಮೇಲೇ ಚಹಾ ಕಾಸಿಕೊಡುತ್ತೇನೆ, ಗಾಡಿ ಬಂದ ದಾರಿಯಲ್ಲೇ ಬರಿದಾಗಿ ಹೋಗಲಿ. ಕಡ್ಡಿ ಗೀರಿದ, ಬೆಂಕಿ ಹಳದಿಯಾಗಿ ಎದ್ದು ಎರಡು ಸಲ ಕೆಮ್ಮಿ ನೀಲಿಯಾಗಿ ಕೂತಿತು, ಮುಖಾ ಹತ್ತರ ತಂದ ನೋಡ, ಕಣ್ಣ ಉರಿತಾವೇನು, ಹತ್ತಿರ ಬಗ್ಗಿದೆ, ಉರಿಯಲಿಲ್ಲ, ರೆಪ್ಪೆ ಹೊಡೆಯದೆ ನೋಡುತ್ತಾ ಇದ್ದುಬಿಟ್ಟೆ, ಗುಲ್ಜಾರಬಿ ಭುಜ ಮುಟ್ಟಿ, ಅಕ್ಕಾ, ಕೇಳೂದ ಮರತಿದ್ದೆ, ಮೊಮ್ಮಗನ ಕಣ್ಣ ಯಾರಂಗ ಅದಾವ, ಕಾವೇರಿ ಹಂಗೋ ಅಳಿಯನ ಹಂಗೋ — ಕಾವೇರಿಯ, ಅಳಿಯನ, ಹೊಗೆ ಇಲ್ಲದ ಹೊತ್ತಿನಲ್ಲಿ ನಾನು ಕೂಲಿಗೆ ಹೋಗಿರುತ್ತೇನೆ, ನಾನು ಮನೆಯಲ್ಲಿದ್ದಾಗ ಹೊಗೆ ಇರುತ್ತದೆ, ಯಾರ ಹಾಗೆ, ಕಣ್ಣು, ತೆರೆದ ಕಣ್ಣು ನಾನು ಯಾವಾಗ ಕಂಡೆ, ಬಿಗಿಹಿಡಿದ ರೆಪ್ಪೆ, ಅಂಚಿನಲ್ಲಿ ನೀರು, ನೀರಿನಲ್ಲಿ ಕೂದಲೆಳೆಯಷ್ಟು ಮಸಿ —