ತಿದ್ದಲಾಗದ ಪಾಳಿ

ಬೈಲಹೊಂಗಲದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು, ನಿಜಗುಣಪ್ಪನು ತನ್ನ ಸಂಸ್ಥೆಗೆ ಹೊಸ ತಾಂತ್ರಿಕ ಮುಖ್ಯಸ್ಥರನ್ನು ಹುಡುಕುತ್ತಿದ್ದನು. ಸಂಸ್ಥೆಯ ಹೆಸರು ‘ಪಾಳಿ’. ಕಬ್ಬು ಕಡಿಯುವ ಟೋಳಿ ಯಾರ ಹೊಲಕ್ಕೆ ಮೊದಲು ಹೋಗಬೇಕು, ಯಾರ ಹೊಲಕ್ಕೆ ಆಮೇಲೆ ಎಂಬ ಸರತಿಯನ್ನು ಕ್ರಿಪ್ಟೊ ಟೋಕನ್ನುಗಳಲ್ಲಿ ಕಟ್ಟಿಡುವ ಯೋಜನೆ ಅದು. ಒಂದು ಟೋಕನ್ ಎಂದರೆ ಒಂದು ಪಾಳಿ. ಅದನ್ನು ಹಿಡಿದವನ ಹೊಲಕ್ಕೆ ಟೋಳಿ ಹೋಗುವುದು. ಸರತಿ ತಪ್ಪಿಸಿ ಕಡಿದರೆ ಕೂಲಿಯೇ ಬಿಡುಗಡೆಯಾಗದು.

ನಿಜಗುಣಪ್ಪನಿಗೆ ಕಬ್ಬು ಗೊತ್ತು, ಕೋಡ್ ಗೊತ್ತಿಲ್ಲ. ಬಹುಕಾಲ ಟ್ರ್ಯಾಕ್ಟರುಗಳಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸಿದವನು ಆತ. ವಶೀಲಿ ಇದ್ದವನ ಕಬ್ಬು ಮೊದಲು ಹೋಗುವುದನ್ನು ನೋಡಿ ನೋಡಿ ರೋಸಿಹೋಗಿ ಈ ಕೆಲಸಕ್ಕೆ ಕೈ ಹಾಕಿದ್ದನು. ಕೋಡ್ ಬರೆದವನು ರಾಮದುರ್ಗದ ಸಚಿನ. ಅವನು ಜಗಳವಾಡಿ ಬಿಟ್ಟುಹೋದ ಬಳಿಕ, ತನ್ನದೇ ಸಂಸ್ಥೆಯ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ಪರರಿಂದ ಕೇಳಿ ತಿಳಿಯಬೇಕಾದ ಸ್ಥಿತಿ ನಿಜಗುಣಪ್ಪನದಾಯಿತು. ಬಂದ ಅಭ್ಯರ್ಥಿಗಳು ನಿಜ ಹೇಳುತ್ತಿರುವರೋ ಸುಳ್ಳು ಹೇಳುತ್ತಿರುವರೋ ಎಂದು ತೂಗಿ ನೋಡಲೂ ಅವನ ಬಳಿ ತಕ್ಕಡಿಯಿರಲಿಲ್ಲ.

ಅಂದು ಬಂದಿದ್ದವಳು ಸವದತ್ತಿಯ ಫರೀನ್. ಬೆಳಗಿನಿಂದ ಲ್ಯಾಪ್‌ಟಾಪ್ ಮುಂದೆ ತಲೆಯೆತ್ತದೆ ಕುಳಿತಿದ್ದಳು.

“ಎರಡ ಸಾಲು ತಿದ್ದೂದೈತಿ ತಂಗಿ, ಅಷ್ಟ,” ಎಂದನು ನಿಜಗುಣಪ್ಪ. “ಕುಳಿ ಕಬ್ಬ ಮುಂದ ಬರಬೇಕು.”

“ಇದನ್ನ ತಿದ್ದಾಕ ಬರೂದಿಲ್ಲರಿ.”

“ಯಾಕ? ಕೀಲಿ ನನ್ನ ಹಂತ್ಯಾಕ ಐತಲ್ಲ.”

“ಕೀಲಿ ಐತ್ರಿ ಸಾವಕಾರ್ರ, ಬಾಗಲಾನ ಇಲ್ಲ. ನಾಕೂ ಕಡೆ ಗ್ವಾಡಿ. ಹಿಂಗ ಕಟ್ಟು ಅಂತ ಹೇಳಿದವ್ರ ಯಾರು?”

ನಿಜಗುಣಪ್ಪನಿಗೆ ನೆನಪಿತ್ತು. ಹೇಳಿದವನು ತಾನೇ. ಎಂ.ಕೆ. ಹುಬ್ಬಳ್ಳಿಯ ಸಭೆಯಲ್ಲಿ ಶಾಲು ಹೊದ್ದು, ‘ಈ ಸರತಿಯನ್ನು ನಾನು ಮನಸ್ಸು ಮಾಡಿದರೂ ಬದಲಿಸಲಾಗದು’ ಎಂದು ಸಾರಿದವನೂ ತಾನೇ. ಆ ಮಾತಿಗೆ ಬಿದ್ದ ಚಪ್ಪಾಳೆಯ ಬಲದಿಂದಲೇ ಟೋಕನ್ನುಗಳು ಊರೂರಿಗೆ ಹಬ್ಬಿದ್ದವು.

“ಸಚಿನಗ ಕುಳಿ ಬ್ಯಾರೆ, ನಾಟಿ ಬ್ಯಾರೆ ಅಂತ ಹೇಳಿದ್ರೇನು?” ಎಂದು ಫರೀನ್ ಕೇಳಿದಳು.

“ಅದನ್ನ ಹೇಳೂದೇನೈತಿ? ಕೂಸಿಗೂ ಗೊತ್ತಿರತೈತಿ!”

“ನಮ್ಮ ಅಬ್ಬಾಂದು ನವಿಲುತೀರ್ಥದ ಕಾಲವಿ ಕೆಳಗ ಕಬ್ಬ ಐತಿ, ನನಗ ಗೊತ್ತು. ಅಂವ ನೇಕಾರ್ರ ಮನಿ ಹುಡುಗ. ಅವಂಗ ಹೆಂಗ ಗೊತ್ತಿರಬೇಕ್ರಿ?”

ತಪ್ಪು ಅಷ್ಟೇ ಆಗಿತ್ತು. ಹೊಸದಾಗಿ ನೆಟ್ಟ ಕಬ್ಬು ನಿಧಾನವಾಗಿ ಬಲಿಯುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರಿದ ಕುಳೆ ಕಬ್ಬು, ಅವರ ಮಾತಿನ ‘ಕುಳಿ’, ಬೇಗ ಬಲಿಯುತ್ತದೆ, ಬೇಗ ಒಣಗುತ್ತದೆ. ಸಚಿನನು ಎಲ್ಲವನ್ನೂ ಚಿಗುರಿದ ದಿನದ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದನು. ಕುಳೆ ಚಿಗುರಿದ್ದು ನಾಟಿಯ ಬಳಿಕ; ಹೀಗಾಗಿ ಮೊದಲು ಕಡಿಯಬೇಕಾದ ಕುಳೆಯೆಲ್ಲ ಕೊನೆಗೆ ಬಿದ್ದಿತ್ತು.

ಮೆಟ್ಟಿಲ ಮೇಲೆ ಸದ್ದಾಯಿತು. ದೊಡವಾಡದ ರೈತ ಇಮಾಮಹುಸೇನ ಒಂದು ಕಬ್ಬಿನ ಗಳವನ್ನು ಹಿಡಿದು ಬಂದನು. ತುದಿಯಲ್ಲಿ ಸೂಲಂಗಿ, ಅಂದರೆ ಕಬ್ಬಿನ ಹೂಗೊಂಚಲು, ಅರಳಿತ್ತು; ಕಬ್ಬು ಬಲಿತು ಒಣಗತೊಡಗಿದ ಗುರುತು ಅದು.

“ಅಣ್ಣಾರ, ನಿಮ್ಮ ಫೋನಿನಾಗ ನನ್ನ ಪಾಳಿ ಬರೂದ್ರಾಗ ಇದು ಕಸಬರಿಗಿ ಆಗತೈತಿ. ಆವಾಗ ಕಾರ್ಖಾನಿಗೆ ಕಳಸೂದಿಲ್ಲ, ನಿಮ್ಮ ಆಫೀಸ ಗುಡಸಾಕ ತಂದಕೊಡ್ತೇನಿ.”

ಫರೀನ್ ನಗು ತಡೆದಳು. ನಿಜಗುಣಪ್ಪನಿಗೆ ನಗು ಬರಲಿಲ್ಲ.

“ಟೋಕನ್ ಹಿಡದಾವ್ರ ಒಪ್ಪಿದ್ರ ಮಾತ್ರ ಪಾಳಿ ಅದಲಬದಲ ಆಕ್ಕೈತಿ,” ಎಂದಳು ಅವಳು. “ಅದೊಂದ ಕಿಂಡಿ ಐತ್ರಿ.”

ನಿಜಗುಣಪ್ಪನು ಕೂಡಲೇ ಕಿತ್ತೂರಿನ ವೀರಪ್ಪನಿಗೆ ಫೋನು ಮಾಡಿದನು. ಮುಂದಿನ ಪಾಳಿಗಳಲ್ಲಿ ಹೆಚ್ಚಿನವು ಅವನ ಕೈಯಲ್ಲಿದ್ದವು; ಅವನದೆಲ್ಲ ನಾಟಿ ಕಬ್ಬು, ಇನ್ನೂ ಕೆಲಕಾಲ ಹೊಲದಲ್ಲಿ ನಿಂತರೂ ಕೆಡದು.

“ಬದಲಿ ಮಾಡಾಕ ಬರೂದಿಲ್ಲ ಅಂತ ಶಾಲ ಹೊತಗೊಂಡ ಹೇಳಿದ್ರೆಲ್ಲ?” ಫೋನಿನಾಚೆಯ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು. “ಆ ಮಾತ ನಂಬೇ ತಗೊಂಡೇನ್ರಿ. ಈಗ ನೀವ ಬಂದು ಬಿಡು ಅಂದ್ರ, ವಶೀಲಿ ಮಾಡೋರಿಗೂ ನಿಮಗೂ ಏನ ಫರಕ?”

ಸರತಿ ಮುರಿದರೆ ಮಾತು ಮುರಿಯುವುದು. ಮಾತು ಉಳಿದರೆ ಕುಳೆ ಒಣಗುವುದು. ನಿಜಗುಣಪ್ಪನು ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟನು.

“ನನ್ನ ಹೊಲದ್ದೊಂದ ಪಾಳಿ ಮುಂದೈತಿ,” ಎಂದನು. “ನಂದೂ ನಾಟೀನ. ಅದನ್ನ ಇಮಾಮಹುಸೇನಗ ಕೊಟ್ಟಬಿಡು ತಂಗಿ.”

“ಕೀಲಿ ನಿಮ್ಮದ್ರಿ. ನೀವ ಒತ್ತಬೇಕು.”

“ಯಾವಾಗಲೂ ಸಚಿನಾನ ಒತ್ತತಿದ್ದ.”

“ಅದಕ್ಕ ಇಲ್ಲೀತನಾ ಬಂದೈತಿ. ನಾ ತೋರಸ್ತೇನಿ, ಒತ್ತೂದು ನೀವ.”

ಅವಳ ಬೆರಳು ತೋರಿದ ಕಡೆಯಲ್ಲೆಲ್ಲ ಅವನ ಬೆರಳು ಹೋಯಿತು. ತೆರೆಯ ಮೇಲೆ ಎರಡು ಹೆಸರುಗಳು ಸ್ಥಳ ಬದಲಿಸಿದವು. ತಾನು ಕಟ್ಟಿದ ಮನೆಯಲ್ಲಿ ತನ್ನ ಕೈಯಿಂದಲೇ ಆದ ಮೊದಲ ಕೆಲಸ ಅದು.

ಇಮಾಮಹುಸೇನನು ಗಳವನ್ನು ಗೋಡೆಗೆ ಒರಗಿಸಿದನು. ಅವನ ಮುಖ ಹಗುರಾಯಿತು, ಆದರೆ ಪೂರ್ತಿಯಾಗಿ ಅಲ್ಲ.

“ಮಗ್ಗಲ ಹೊಲದ ಸೈದಾಬಿದೂ ಕುಳೀನ ಐತ್ರಿ ಅಣ್ಣಾರ. ಆಕೀದಕೂ ಸೂಲಂಗಿ ಬಂದೈತಿ.”

ನಿಜಗುಣಪ್ಪನ ಬಳಿ ಕೊಡಲು ಮತ್ತೊಂದು ಪಾಳಿ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚುತ್ತಿದ್ದ ಫರೀನಳ ಕಡೆ ತಿರುಗಿ, “ನೀ ಕೆಲಸಕ್ಕ ಬರತೀಯೋ ಇಲ್ಲೋ?” ಎಂದು ಕೇಳಿದನು.

“ಬರತೇನ್ರಿ. ಆದ್ರ ಇಲ್ಲೆ ಕುಂತ ಮಾಡೂ ಕೆಲಸ ಏನೂ ಉಳಿದಿಲ್ಲ. ಟೋಕನ್ ಹಿಡದಾವ್ರ ಮನಿ ಮನಿಗೆ ಹೋಗಿ ಕೇಳಬೇಕು. ನಾ ಕೇಳಿದ್ರ ಕೊಡೂದಿಲ್ಲ. ಮಾತ ಕೊಟ್ಟಾವ್ರ ನೀವು.”

ಯಾವ ಬಾಗಿಲಲ್ಲಿ ನಿಂತು ಅಂಗಲಾಚುವುದನ್ನು ರೈತರಿಗೆ ತಪ್ಪಿಸಬೇಕೆಂದು ಅವನು ಇದನ್ನೆಲ್ಲ ಕಟ್ಟಿದ್ದನೋ, ಅದೇ ಬಾಗಿಲು ಅವನಿಗಾಗಿ ಕಾದಿತ್ತು. ಮೊದಲು ಹೋಗಬೇಕಾದದ್ದು ವೀರಪ್ಪನ ಮನೆಗೆ. ಇಮಾಮಹುಸೇನನು ಮೆಟ್ಟಿಲಿಳಿದು ಹೋಗಿ, ಕಿತ್ತೂರಿಗೆ ಹೋಗಲೆಂದು ತನ್ನ ಗಾಡಿಯನ್ನು ತಿರುಗಿಸಿ ನಿಲ್ಲಿಸಿದನು. ನಿಜಗುಣಪ್ಪನು ಮಾತ್ರ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಇನ್ನೂ ಕುಳಿತೇ ಇದ್ದನು.