ಮುಳ್ಳು ನಿಂತ ಜಾಗ

ಹೊನ್ನಪ್ಪ ಹಾಡಿನ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನಡುವಿನ ಕಾಗದವನ್ನು ಹೆಬ್ಬೆರಳಿನಿಂದ ಉಜ್ಜಿದ. ಧೂಳು ಹೋದ ಕಡೆ ಕೆಂಪಗೆ ‘ಹೊ’ ಎಂಬ ಅಕ್ಷರ ಕಾಣಿಸಿತು. ಎತ್ತಿನ ಕೊಂಬಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಅವನೇ ಬರೆದದ್ದು.

“ಸಿಕ್ಕಾಕ್ಕೊಂಡ ಕಳ್ಳ!” ಎಂದು ಜೋರಾಗಿಯೇ ಅಂದುಬಿಟ್ಟ.

ಪಕ್ಕದ ಮೇಜಿನ ಮೈಸೂರಿನ ಹುಡುಗರು ತಿರುಗಿ ನೋಡಿದರು. ಶ್ರೀರಂಗಪಟ್ಟಣದ ಕೋಟೆ ಹತ್ತಿರ ಹೊಸದಾಗಿ ಶುರುವಾದ ಕಾಫಿ ಅಂಗಡಿ ಅದು. ಗೋಡೆ ತುಂಬ ಹಳೇ ರೆಕಾರ್ಡುಗಳು. ಬೇಕಾದ್ದು ಹಾಕಿಸಿಕೊಂಡು ಕೇಳಬಹುದು, ಕೊಂಡುಕೊಳ್ಳಲೂಬಹುದು. ಫೋನಿನಲ್ಲಿ ಲೋಕದ ಹಾಡೆಲ್ಲ ಪುಕ್ಕಟೆ ಸಿಗುವಾಗ ಈ ಮಕ್ಕಳು ದುಡ್ಡು ಕೊಟ್ಟು ಕರಕರ ಸದ್ದು ಕೇಳುವುದರ ಹಿಂದೆ ಬೇರೇನೋ ವ್ಯವಹಾರವಿದೆ ಎಂದು ಹೊನ್ನಪ್ಪ ಬಾಗಿಲಲ್ಲೇ ತೀರ್ಮಾನಿಸಿದ್ದ. ಹಾಗೆ ನೋಡಿದರೆ ಅವನಿಗೆ ಅನುಮಾನ ಬಾರದ ಸಂಗತಿಗಳೇ ಕಡಿಮೆ. ಡೈರಿಯವರು ಹಾಲು ಅಳೆಯುವುದರಿಂದ ಹಿಡಿದು ಕಂಡಕ್ಟರ್ ನಗುವವರೆಗೆ ಎಲ್ಲದರಲ್ಲೂ ಅವನಿಗೆ ಮೋಸ ಕಾಣುತ್ತಿತ್ತು.

ಆದರೆ ಅವನು ಅಕ್ಕರೆಯಿಂದ ಸಾಕಿಕೊಂಡು ಬಂದ ಅನುಮಾನವೆಂದರೆ ಕರಿಯಯ್ಯನ ಮೇಲಿನದು. ಒಂದು ಕಾಲಕ್ಕೆ ಅರಕೆರೆಯಲ್ಲಿ ಇಬ್ಬರೂ ಸೇರಿ ಮೈಕ್ ಸೆಟ್ ಇಟ್ಟಿದ್ದರು. ಪಾಂಡವಪುರ, ಕೆ.ಆರ್.ಪೇಟೆವರೆಗೂ ಮದುವೆಗಳಿಗೆ ಹೋಗುತ್ತಿದ್ದರು. ಪ್ಲೇಟು ಮುಟ್ಟುವ ಹಕ್ಕು ಮಾತ್ರ ಹೊನ್ನಪ್ಪನೊಬ್ಬನದು. ಹಸುಗೂಸನ್ನು ಮಲಗಿಸಿದ ಹಾಗೆ ಮಲಗಿಸುತ್ತಿದ್ದ. ಒಂದು ಗೀರು ಬಿದ್ದದ್ದಿಲ್ಲ. ಒಮ್ಮೆ ಕರಿಯಯ್ಯನಿಗೆ ಜ್ವರವೆಂದು ಅವನನ್ನು ಊರಲ್ಲೇ ಬಿಟ್ಟು ಕೆ.ಆರ್.ಪೇಟೆಗೆ ಹೋಗಿ ಬಂದಾಗ, ಹಿತ್ತಲ ಕೋಣೆಯಲ್ಲಿಟ್ಟಿದ್ದ ಪ್ಲೇಟುಗಳ ಎರಡನೇ ಪೆಟ್ಟಿಗೆ ಮಾಯವಾಗಿತ್ತು. ಹೆಂಡತಿ ಮಂಗಳಮ್ಮ ತವರಿಗೆ ಹೋಗಿದ್ದಳು. ಕೋಣೆಯ ಇನ್ನೊಂದು ಬೀಗದ ಕೈ ಇದ್ದದ್ದು ಕರಿಯಯ್ಯನ ಹತ್ತಿರ. ಇನ್ನೇನು ಬೇಕು? ಅರಳಿಕಟ್ಟೆಯ ಮುಂದೆ ಊರವರನ್ನೆಲ್ಲ ಸೇರಿಸಿ ಹೊನ್ನಪ್ಪ ಅವನ ಮಾನ ಕಳೆದ. “ನಾನ್ ಕದ್ದಿಲ್ಲ ಕಣ್ಲಾ” ಎಂದದ್ದು ಬಿಟ್ಟರೆ ಕರಿಯಯ್ಯ ತುಟಿ ಬಿಚ್ಚಲಿಲ್ಲ. ಅಂದಿನಿಂದ ಎದುರುಬದುರು ಮನೆಯಲ್ಲಿದ್ದೂ ಮಾತಿಲ್ಲ. ಅವನಿಗಿಂತ ಒಳ್ಳೆ ಗೆಳೆಯ ಹೊನ್ನಪ್ಪನಿಗೆ ಆಮೇಲೆ ಸಿಗಲೂ ಇಲ್ಲ.

ಈಗ ಕರಿಯಯ್ಯನ ಮೊಮ್ಮಗಳು ಹರ್ಷಿತ ರೆಕಾರ್ಡಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಡೈರಿಯಲ್ಲಿ ಯಾರೋ ಅಂದದ್ದೇ ತಡ, ಹೊನ್ನಪ್ಪ ಬಸ್ಸು ಹತ್ತಿದ್ದ. ಪೆಟ್ಟಿಗೆ ಕಡೆಗೂ ಹೊರಗೆ ಬಂತು ಎಂದೇ ಅವನ ಲೆಕ್ಕ.

“ತಾತ, ನೀವಾ? ಅದುನ್ನ ಹಾಕ್ಲಾ?” ಹರ್ಷಿತ ನಗುತ್ತ ಬಂದಳು.

“ನಿಮ್ ತಾತ ತಂದ್ಕೊಟ್ನಾ ಇದ?”

“ಅಯ್ಯೋ, ನಮ್ ತಾತನತ್ರ ಇವೆಲ್ಲ ಎಲ್ಲವೆ? ನಮ್ ಓನರ್ರು ಊರೂರು ತಿರುಗಿ ತತ್ತಾರೆ.”

“ಯಾವೂರಿಂದ ತಂದ್ರು, ಕೇಳವ್ವ ಒಸಿ.”

ಒಳ್ಳೆ ತರಬೇತಿ ಕೊಟ್ಟಿದ್ದಾನೆ ಕರಿಯಯ್ಯ ಮೊಮ್ಮಗಳಿಗೆ, ಎಂದುಕೊಂಡ ಹೊನ್ನಪ್ಪ. ಅವಳು ಪ್ಲೇಟು ತಿರುಗಿಸಿ, ಮುಳ್ಳು ಇಳಿಸಿ, ಫೋನು ಹಿಡಿದು ಆಚೆ ಹೋದಳು.

ಕರಕರ ಎಂದು ಶುರುವಾಗಿ ಹಾಡು ಬಂತು. ಮದುವೆಮನೆಯ ಚಪ್ಪರ, ಒಲೆಯ ಹೊಗೆ, ಕಂಬ ಹತ್ತಿ ಹಾರನ್ ಕಟ್ಟುತ್ತಿದ್ದ ಕರಿಯಯ್ಯ ಎಲ್ಲ ಒಟ್ಟಿಗೆ ಹೊನ್ನಪ್ಪನ ಕಣ್ಣಮುಂದೆ ಬಂದವು. “ಅಕ್ಕ ಬಂದಾಳೊ ಹೊಳೆಯ ದಾಟಿ,” ಎಂದು ಹಾಡುತ್ತಿದ್ದ ದನಿ ಅಲ್ಲೇ ಸಿಕ್ಕಿಕೊಂಡಿತು. “ಹೊಳೆಯ ದಾಟಿ... ಹೊಳೆಯ ದಾಟಿ...” ಆಮೇಲೆ ಟಕ್ಕನೆ ನೆಗೆದು ಮುಂದಕ್ಕೆ ಹೋಯಿತು.

ಹೊನ್ನಪ್ಪನಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಕೈಯಲ್ಲಿದ್ದಾಗ ಈ ಗೀರು ಇರಲಿಲ್ಲ. ಕದ್ದವರು ಮೊಂಡು ಮುಳ್ಳು ಹಾಕಿ ಹಾಳು ಮಾಡಿದ್ದಾರೆ. ಮರುಗಳಿಗೆ ಅವನು ಕಿವಿ ನಿಮಿರಿಸಿದ. ಈ ಸಿಕ್ಕಿಕೊಳ್ಳುವುದನ್ನು ಅವನು ಕೇಳಿದ್ದ. ದಿನಾ ಕೇಳುತ್ತಿದ್ದ. ಹಾಲು ಕರೆಯುವಾಗ ಮಂಗಳಮ್ಮ ಈ ಹಾಡು ಹೇಳಿಕೊಳ್ಳುವುದು ಹೀಗೇ, ಮೂರು ಸಲ. “ಒಂದ್ಸಲ ದಾಟುದ್ರೆ ಸಾಲ್ದೇನಮ್ಮಿ?” ಎಂದು ಅವನು ರೇಗಿಸುತ್ತಿದ್ದ. “ನಮ್ ಹೊಳೆ ಅಗಲ ಕಣ್ ಬುಡಿ,” ಎನ್ನುತ್ತಿದ್ದಳು ಅವಳು. ಪೆಟ್ಟಿಗೆ ಕಳೆದ ಮೇಲೆ ಬಿದ್ದ ಗೀರು ಅವಳ ಬಾಯಿಗೆ ಎಲ್ಲಿಂದ ಬಂತು?

“ತಾತ, ನಾಗಮಂಗಲದ ಕಡೆಯಂತೆ. ಬೋರಯ್ಯ ಅನ್ನೋರ ಮನೇಲಿ ಸಿಕ್ತಂತೆ,” ಎಂದಳು ಹರ್ಷಿತ.

ಬೋರಯ್ಯ ಮಂಗಳಮ್ಮನ ತಮ್ಮ. ಪೆಟ್ಟಿಗೆ ಕಳೆದ ದಿನವೇ ಅವನ ಮದುವೆ. ನೆಂಟರ ಮದುವೆಯಲ್ಲಿ ಬಾಡಿಗೆ ಕೇಳಲಾಗುವುದಿಲ್ಲವೆಂದು ಹೊನ್ನಪ್ಪ ಅಲ್ಲಿಗೆ ಹೋಗದೆ ಕೆ.ಆರ್.ಪೇಟೆಯ ಮದುವೆ ಒಪ್ಪಿಕೊಂಡಿದ್ದ. ಅದಕ್ಕೆ ನೆಂಟರು ಆಡಿಕೊಂಡರೆಂಬ ಮುನಿಸಿನಲ್ಲಿ ಅವನು ಮತ್ತೆಂದೂ ಹೆಂಡತಿಯ ತವರಿನ ಹೊಸಿಲು ತುಳಿದಿರಲಿಲ್ಲ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಂಗಳಮ್ಮ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಡಿಕೊಳ್ಳುತ್ತ ಹಾಲು ಕರೆಯುತ್ತಿದ್ದಳು. “ಅಕ್ಕ ಬಂದಾಳೊ ಹೊಳೆಯ ದಾಟಿ...”

“ಹೊಳೆಯ ದಾಟಿ, ಹೊಳೆಯ ದಾಟಿ,” ಎಂದ ಹೊನ್ನಪ್ಪ ಬಾಗಿಲಲ್ಲಿ ನಿಂತು. “ಪ್ಲೇಟು ಅಲ್ಲಿ ಸಿಕ್ಕಾಕ್ಕೊತದೆ ಅಂತ ನಂಗೆ ಗೊತ್ತಿರ್ಲಿಲ್ಲ.”

ಅವಳ ಕೈ ನಿಂತಿತು. ತಲೆಯೆತ್ತದೆ ಹೇಳಿದಳು: “ಮದ್ವೆಗೆ ಬಂದಿದ್ರೆ ಗೊತ್ತಾಗಿರದು.”

“ಬೀಗ ತೆಗ್ದೋರ್ಯಾರು?”

“ಕರಿಯಣ್ಣ, ನಾನ್ ಕೇಳ್ಕಂಡಿದ್ಕೆ. ಜ್ವರದಲ್ಲೇ ಪೆಟ್ಗೆ ಹೊತ್ಕಬಂದು ಬಸ್ಸಿಗೆ ಹಾಕ್ತು. ಅದುನ್ನ ವಾಪಸ್ ತರೋದ್ರೊಳ್ಗೇ ಕಟ್ಟೆತಾವ ನೀವು ಅಂಗೆಲ್ಲ ಅಂದ್ಮೇಲೆ, ಹೇಳ್ಬುಡ್ತೀನಿ ಅಂದೆ. ನಿನ್ ಸಂಸಾರ ಕೆಡ್ತದೆ, ಸುಮ್ಕಿರವ್ವ ಅಂತು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಎದರ್ಕಂಡು ಸುಮ್ಕಾದೆ. ಆದ್ರೂ ದಿನಾ ನಿಮ್ಮೆದುರ್ಗೇ ಹಾಡ್ತಿದ್ನಲ್ಲ. ಯಾತುಕ್ಕಿಂಗೆ ಹಾಡ್ತೀಯೆ ಅಂತ ಒಂದಿನ ನೆಟ್ಟುಗೆ ಕೇಳುದ್ರಾ?”

ಹೊನ್ನಪ್ಪನಿಗೆ ಬೈಯಬೇಕೆನಿಸಿತು. ಯಾರನ್ನು ಎಂದು ತಿಳಿಯಲಿಲ್ಲ. ಬಾಗಿ ಹಾಲಿನ ಚೊಂಬು ಎತ್ತಿಕೊಂಡು ಬೀದಿಗೆ ನಡೆದ.

ಎದುರು ಜಗಲಿಯಲ್ಲಿ ಕರಿಯಯ್ಯ ಕಾಲು ಇಳಿಬಿಟ್ಟು ಕೂತಿದ್ದ. ಮುಂದೆ ಬಂದು ನಿಂತವನನ್ನು ಮೇಲಿಂದ ಕೆಳಗೆ ನೋಡಿದ.

“ಈಗೇನ್ಲಾ ಕಳೀತು?” ಎಂದ.

ಹೊನ್ನಪ್ಪ ಚೊಂಬನ್ನು ಮುಂದಕ್ಕೆ ಚಾಚಿದ. ಕರಿಯಯ್ಯ ಎದುರು ಕೊಟ್ಟಿಗೆಯ ಕಡೆ ಕತ್ತು ಚಾಚಿ ನೋಡಿದ. ಬಾಗಿಲಲ್ಲಿ ಮಂಗಳಮ್ಮ ನಿಂತಿದ್ದಳು.

“ನೀರ್ಗೀರ್ ಬೆರೆಸಿದ್ದೀಯೇನ್ಲಾ?” ಎನ್ನುತ್ತ ಕರಿಯಯ್ಯ ಎರಡೂ ಕೈಯಲ್ಲಿ ಚೊಂಬು ಇಸಿದುಕೊಂಡು, ಬೀದಿದೀಪದ ಬೆಳಕಿಗೆ ವಾಲಿಸಿ ನೋಡತೊಡಗಿದ.